ಒಂಬತ್ತು ಗುಡಿ ಸುತ್ತಿದ ಕಾರು

ಸ್ಟೀರಿಂಗ್ ತಿರುಗಲಿಲ್ಲ!

ಎದುರಿಗೆ ರಸ್ತೆ ಬಲಕ್ಕೆ ಹೊರಳಿತ್ತು. ಹೊರಳಿನಾಚೆ ಏನೂ ಇರಲಿಲ್ಲ... ಬರೀ ಮಂಜು. ಮಂಜಿನ ಕೆಳಗೆ ಇನ್ನೂರು ಅಡಿ ಕಮರಿ.

ಕಾರು ಮಾತ್ರ ನೆಟ್ಟಗೆ ಹೋಗುತ್ತಿತ್ತು. ಗಂಟೆಗೆ ಎಪ್ಪತ್ತು ಕಿಲೋಮೀಟರ್.

ಟಿಣ್ ಎಂದಿತು. ಮುಂದಿನ ಪರದೆಯಲ್ಲಿ ಹಳದಿ ದೀಪ ಹೊತ್ತಿತು. ಸ್ಟೀರಿಂಗ್ ಚಕ್ರದ ಚಿತ್ರ. ಅದರ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ.

ಆಶ್ಚರ್ಯ ನನಗೂ ಆಗಿತ್ತು!

ಅರೆಗಳಿಗೆ ಹಿಂದೆ ಕಿರುಬೆರಳಿಗೆ ತಿರುಗುತ್ತಿದ್ದ ಚಕ್ರ ಈಗ ಕಾಂಕ್ರೀಟಿನಲ್ಲಿ ಹೂತ ಹಾಗಿತ್ತು. ಎರಡೂ ಕೈ ಹಾಕಿದೆ. ಬಲಗೈಯಿಂದ ಕೆಳಕ್ಕೆ ಎಳೆದೆ. ಎಡಗೈಯಿಂದ ಮೇಲಕ್ಕೆ ನೂಕಿದೆ. ಬೆನ್ನನ್ನು ಸೀಟಿಗೆ ಒತ್ತಿ ಹಲ್ಲು ಕಚ್ಚಿದೆ. ಆಗ ನನ್ನ ಬಾಯಿಂದ ಬಂದ ಮಾತನ್ನು ನಿಮ್ಮ ವರದಿಯಲ್ಲಿ ಬರೆಯಬೇಡಿ.

ತಿರುಗಿತು... ಇಂಚು ಇಂಚಾಗಿ...

ಎಡಗಡೆಯ ಕನ್ನಡಿ ತಡೆಬೇಲಿಗೆ ತಾಗಿ ಪಟ್ ಎಂದು ಹಾರಿಹೋಯಿತು. ಕಾರು ರಸ್ತೆಯ ಮೇಲೇ ಉಳಿಯಿತು. ನಾನೂ ಉಳಿದೆ.

ನಡುವಿನ ಕನ್ನಡಿ ನೋಡಿದೆ. ಕಪ್ಪು ಪಿಕಪ್ ಮತ್ತೆ ಹತ್ತಿರವಾಗುತ್ತಿತ್ತು!

ಎಂಜಿನಿಯರ್ ಸಾಹೇಬರೇ, ನಿಮ್ಮ ಕಂಪನಿ ನಿಮ್ಮನ್ನು ಬ್ಯಾಂಕಾಕಿನಿಂದ ಇಲ್ಲಿಗೆ ಕಳಿಸಿರುವುದು ಹೊಚ್ಚ ಹೊಸ ಕಾರಿನ ಪವರ್ ಸ್ಟೀರಿಂಗ್ ಯಾಕೆ ಕೈಕೊಟ್ಟಿತು ಎಂದು ಕೇಳಲಿಕ್ಕೆ. ಕೇಳಿ. ಆದರೆ ನಾನು ನನ್ನ ರೀತಿಯಲ್ಲಿ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಎದ್ದು ಹೋಗುತ್ತೇನೆ.

ನನ್ನ ಹೆಸರು ಲಮ್ಯೈ. ಐವತ್ತೆರಡು ವರ್ಷ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಚಿಯಾಂಗ್ ಮಾಯ್‌ನಿಂದ ಪಾಯ್ ಕಡೆಗೆ ಹೋಗುವ ಈ ಘಟ್ಟದ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆ ಗಾಡಿ ಓಡಿಸಿದ್ದೇನೆ. ಹಿಂದೆ ಎರಡು ಬೆಂಚು, ಬೆಂಚಿನ ಮೇಲೆ ಹದಿನಾಲ್ಕು ಜನ, ಚಾವಣಿಯ ಮೇಲೆ ಕೋಳಿ ಬುಟ್ಟಿ. ಆ ಗಾಡಿಯ ಸ್ಟೀರಿಂಗಿಗೆ ಪವರ್ ಇರಲಿಲ್ಲ. ಪವರ್ ಏನಿದ್ದರೂ ನನ್ನ ತೋಳಿನಲ್ಲಿ ಇರಬೇಕಾಗಿತ್ತು.

ಗಾಡಿ ಮುದಿಯಾಯಿತು, ಮಾರಿದೆ. ಈಗ ನನ್ನದು ಬೇರೆ ಕೆಲಸ. ಓಡಿಹೋದ ಗಂಡನನ್ನು ಹುಡುಕಿ ತರುತ್ತೇನೆ. ಕಳುವಾದ ಬೈಕನ್ನು ಕದ್ದವನ ಕೈಯಿಂದಲೇ ತೊಳೆಸಿ ವಾಪಸ್ ಕೊಡಿಸುತ್ತೇನೆ. ಪೊಲೀಸರಿಗೆ ಹೇಳಲಾಗದ್ದನ್ನು ಜನ ನನ್ನ ಹತ್ತಿರ ಹೇಳುತ್ತಾರೆ.

ಮದುವೆಯ ಹಿಂದಿನ ಸಂಜೆ ಬುಪ್ಫಾ ಬಂದಳು. ಹುಳಿ ಸಾಸೇಜ್ ಮಾಡಿ ಮಾರಿ ಶ್ರೀಮಂತಳಾದವಳು. ಶಾಲೆಯಲ್ಲಿ ನನ್ನ ಸ್ಲೇಟು ಕದ್ದವಳು.

"ಲಮ್ಯೈ, ನಾಳೆ ನನ್ ಮಗನ ಮದುವೆ ಕಣೇ."

"ಗೊತ್ತು. ನನ್ನ ಕರೆದಿಲ್ಲ ನೀನು."

"ಈಗ ಕರೀತಾ ಇದೀನಲ್ಲ! ಡ್ರೈವರ್ ಆಗಿ ಬಾ."

ಬಾಗಿಲು ಮುಚ್ಚಲು ಹೋದೆ. ಅವಳು ಕಾಲು ಅಡ್ಡ ಇಟ್ಟಳು.

"ಶೋರೂಮಿನ ಡ್ರೈವರ್ ಇವತ್ತು ನಡ್ಕೊಂಡು ವಾಪಸ್ ಬಂದ ಕಣೇ. ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಕಾರು ಘಟ್ಟ ಹತ್ತಿದ್ರೆ ಇನ್ನೊಂದು ಕಾಲೂ ಇರಲ್ಲ ಅಂತ ಹೇಳಿ ಕಳಿಸಿದಾರೆ."

"ಯಾರು?"

"ಇನ್ಯಾರು? ಸಿಯಾ ಫೊಂಗ್!"

ಬಾಗಿಲು ತೆರೆದೆ. ಆ ಹೆಸರು ಕೇಳಿದರೆ ನನ್ನ ರಕ್ತ ಕುದಿಯುತ್ತದೆ. ಸಿಯಾ ಎಂದರೆ ನಮ್ಮಲ್ಲಿ ಧಣಿ ಎಂದ ಹಾಗೆ. ಫೊಂಗ್ ಘಟ್ಟದ ಮೇಲೆ ಮೂರು ರೆಸಾರ್ಟ್ ಇಟ್ಟುಕೊಂಡಿರುವ ಧಣಿ. ನಲವತ್ತಾರು ವರ್ಷ. ಬಿಟ್ಟುಹೋದ ಹೆಂಡಿರು ಇಬ್ಬರು. ಮೂರನೆಯವಳಾಗಿ ಪಾಂಗ್ ತೋಂಗ್ ಹಳ್ಳಿಯ ಸಾಯ್‌ಮೈ ಬೇಕು ಎಂದು ಹಟ ಹಿಡಿದಿದ್ದ.

ಸಾಯ್‌ಮೈಗೆ ಬೇಕಾಗಿದ್ದವನು ಬುಪ್ಫಾಳ ಮಗ. ಹುಡುಗನನ್ನು ಎಲ್ಲರೂ ಕರೆಯುವುದು ಫಿಲ್ಮ್ ಎಂದು. ಅವನ ಅಕ್ಕ ವಿಡಿಯೊ. ಬುಪ್ಫಾಗೆ ಹೆಸರಿಡುವ ಹೊತ್ತಿನಲ್ಲಿ ಮನೆಗೆ ಏನು ಬಂದಿರುತ್ತದೋ ಅದೇ ಹೆಸರು.

ತೊಂದರೆ ಮಾಡಿದವನು ಹುಡುಗಿಯ ಅಪ್ಪ. ಹತ್ತು ಹಳ್ಳಿಗೆ ಮುಖ್ಯಸ್ಥ. ಕಮ್ನಾನ್ ಎಂಬುದು ಅವನ ಹುದ್ದೆ. ಹೆಂಡತಿಯೂ ಅವನನ್ನು ಹಾಗೆಯೇ ಕರೆಯುವುದು. ನಮ್ಮಲ್ಲಿ ತೆರ ಕೊಡುವುದು ಗಂಡಿನ ಮನೆಯವರು. ಫೊಂಗ್ ಸ್ಪೋರ್ಟ್ಸ್ ಕಾರು ಕೊಡುತ್ತೇನೆ ಎಂದ. ಬುಪ್ಫಾ ನಾನೂ ಕೊಡುತ್ತೇನೆ ಎಂದಳು. ಕಮ್ನಾನ್ ಹಿರಿಯರ ಮುಂದೆ ಎದೆ ತಟ್ಟಿ ಹೇಳಿಬಿಟ್ಟ: ಮುಹೂರ್ತ ಒಂಬತ್ತು ಗಂಟೆ ಒಂಬತ್ತು ನಿಮಿಷ. ಮೊದಲು ಫಿಲ್ಮ್‌ನ ಸರದಿ. ಆ ನಿಮಿಷಕ್ಕೆ ಅವನ ಕಡೆಯ ಕಾರು, ಜ್ಯೋತಿಷಿ ಹೇಳಿದ ಹಳದಿ ಬಣ್ಣದ್ದು, ಅಂಗಳದಲ್ಲಿ ಇರಬೇಕು. ಇಲ್ಲದಿದ್ದರೆ ಹುಡುಗಿ ಫೊಂಗ್‌ನವಳು!

ಅವನು ಆಡಿದ ಮಾತು ತಿರುಗಿಸುವವನಲ್ಲ. ಅಂಥವರೇ ಹೆಚ್ಚು ಅಪಾಯ.

ಆ ರಾತ್ರಿ ಹುಡುಗಿಯೇ ನನಗೆ ಫೋನ್ ಮಾಡಿದಳು.

"ಚಿಕ್ಕಮ್ಮ, ಆ ಫೊಂಗ್ ಪಕ್ಕ ನಾನು ಕೂರಲ್ಲ. ಹಿತ್ತಲಿಂದ ಓಡ್ ಹೋಗ್ತೀನಿ."

"ಓಡು."

"ಆಮೇಲೆ ನನ್ನ ಹುಡುಕೋಕೆ ನಿಮ್ಮನ್ನೇ ಕಳಿಸ್ತಾರೆ!"

ಹುಡುಗಿ ಚುರುಕು. ಹಿಡಿಸಿದಳು. ಒಪ್ಪಿಕೊಂಡೆ.

ಬೆಳಗ್ಗೆ ಆರಕ್ಕೆ ಕಾರು ನೋಡಿದೆ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಹೊಸ ಗಾಡಿಯ ಕೆಂಪು ನಂಬರ್ ಪ್ಲೇಟು. ಒಳಗೆ ಮಲ್ಲಿಗೆ ಹಾರ. ಚಾವಣಿಯ ಒಳಭಾಗದಲ್ಲಿ ಭಿಕ್ಷುಗಳು ಗಂಧದಿಂದ ಬರೆದ ಚುಕ್ಕಿಗಳು. ಸ್ಟೀರಿಂಗಿಗೆ ಬಿಳಿ ಮಂತ್ರದ ದಾರ.

ಕಾರಿನ ಬಣ್ಣ ಹಸಿರು!

"ಬುಪ್ಫಾ, ಹಳದಿ ಅಂದಿದ್ನಲ್ಲೇ ಕಮ್ನಾನ್!"

"ಹಳದಿ ಬರೋಕೆ ಎಂಟು ತಿಂಗಳಂತೆ. ಹಿಂದೆ ನೋಡು."

ಹಿಂದೆ ಒಂದು ಚೀಟಿ ಅಂಟಿಸಿದ್ದಳು. ಚೊಕ್ಕ ಅಕ್ಷರ. 'ಈ ಕಾರು ಹಳದಿ ಬಣ್ಣದ್ದು.'

ನೀವು ನಗಬೇಡಿ. ನಿಮ್ಮ ಅಮ್ಮನ ಕಾರಿನ ಹಿಂದೆಯೂ ಒಂದು ಇದ್ದೀತು. ಜ್ಯೋತಿಷಿ ಹೇಳಿದ ಬಣ್ಣ ಸಿಗದಿದ್ದರೆ ನಮ್ಮವರು ಮಾಡುವುದೇ ಇದು. ಗ್ರಹಗಳಿಗೆ ಓದಲು ಬರುತ್ತದೆ.

ಆ ಹಸಿರು ನನ್ನನ್ನು ಸ್ವಲ್ಪ ದೂರ ಉಳಿಸಿತು.

ಘಟ್ಟ ಶುರುವಾಗುವ ಕಡೆ ಕಾಫಿ ಅಂಗಡಿ. ಅಲ್ಲಿ ಫೊಂಗ್‌ನ ಇಬ್ಬರು ಆಳುಗಳು ಹಳದಿ ಕಾರಿಗಾಗಿ ಕಾದು ಕೂತಿದ್ದರು. ಒಬ್ಬ ಬೋಳುತಲೆ, ಕುತ್ತಿಗೆಯಲ್ಲಿ ತಾಯಿತಗಳ ಗೊಂಚಲು. ಇನ್ನೊಬ್ಬ ತೆಳ್ಳಗೆ, ತಾಯಿತ ಬೋಳನ ಕಾಲುಭಾಗ. ಹಸಿರು ಕಾರು ಅವರ ಮೂಗಿನ ಮುಂದೆಯೇ ಹೋಯಿತು. ಬೋಳ ನನಗೆ ಕೈ ಬೀಸಿದ! ನಾನೂ ಬೀಸಿದೆ.

ಆಮೇಲೆ ಕನ್ನಡಿಯಲ್ಲಿ ನೋಡಿದೆ. ಬೋಳನ ತುಟಿ ಅಲುಗುತ್ತಿತ್ತು. ಅಕ್ಷರ ಕೂಡಿಸಿ ಓದುತ್ತಿದ್ದ. ಈ... ಕಾರು... ಹಳದಿ...

ಕಾಫಿ ಮೈಮೇಲೆ ಚೆಲ್ಲಿಕೊಂಡು ಎದ್ದ!

ಕಪ್ಪು ಪಿಕಪ್ ಹತ್ತಿ ಹಿಂಬಾಲಿಸಲು ಶುರು ಮಾಡಿದರು. ನಾನು ನಕ್ಕೆ. ನಿಮ್ಮ ಕಾರು ಓಡುತ್ತದೆ ಸಾಹೇಬರೇ, ಅದರಲ್ಲಿ ಮಾತಿಲ್ಲ. ಕಾಲಿಟ್ಟರೆ ಸಾಕು, ಹೊಟ್ಟೆ ಬೆನ್ನಿಗೆ ಅಂಟುತ್ತದೆ. ಮೂವತ್ತು ತಿರುವು ಸಲೀಸಾಗಿ ದಾಟಿದೆ. ಪಿಕಪ್ ಚುಕ್ಕಿಯಾಯಿತು.

ಮೂವತ್ತೊಂದನೆಯದರಲ್ಲಿ ಸ್ಟೀರಿಂಗ್ ಸತ್ತಿತು.

ಅದನ್ನಾಗಲೇ ಹೇಳಿದ್ದೇನೆ.

ಕನ್ನಡಿ ಕಳೆದುಕೊಂಡ ಮೇಲೆ ಮೊದಲು ಹೊಳೆದದ್ದು ಒಂದೇ. ಇದು ಫೊಂಗ್‌ನ ಕೈವಾಡ! ಕಾರಿಗೆ ಏನೋ ಮಾಡಿದ್ದಾನೆ. ಬುಪ್ಫಾಗೆ ಫೋನ್ ಹಚ್ಚಿದೆ. ಕಾರಿನ ಸ್ಪೀಕರಿನಲ್ಲಿ ಅವಳ ಧ್ವನಿ, ಅದರ ಹಿಂದೆ ಮದುವೆಯ ಡೋಲು.

"ಎಲ್ಲಿದೀಯೇ? ನಾವು ಹಳ್ಳಿ ಮುಟ್ಟಿ ಆಯ್ತು!"

"ನಿನ್ನೆಯಿಂದ ಈ ಕಾರನ್ನ ಯಾರ್ಯಾರು ಮುಟ್ಟಿದಾರೆ?"

"ಯಾರೂ ಇಲ್ಲ!"

"ಸರಿಯಾಗಿ ಹೇಳೇ! ನಾನು ಸಾಯ್ತಾ ಇದೀನಿ ಇಲ್ಲಿ!"

"ಶೋರೂಮಿಂದ ಗುಡಿಗೆ, ಗುಡಿಯಿಂದ ಗುಡಿಗೆ, ಗುಡಿಯಿಂದ ಮನೆಗೆ. ಒಂಬತ್ತು ಗುಡಿ ಸುತ್ತಿಸಿದೀನಿ. ಒಂಬತ್ತೂ ಕಡೆ ನಾನೇ ಜೊತೇಲಿದ್ದೆ. ಯಾವ ಪಾಪಿ ಮುಟ್ತಾನೆ?"

"ಯಾವನೋ ಮುಟ್ಟಿದಾನೆ!"

"ಬಾಯಲ್ಲಿ ಅಪಶಕುನ ಆಡಬೇಡ! ಎಂಟೂಮುಕ್ಕಾಲಿಗೆ ಇಲ್ಲಿರು!"

ಫೋನ್ ಇಟ್ಟಳು. ಸ್ಲೇಟು ಕದ್ದವಳ ಬುದ್ಧಿ!

ಪವರ್ ಹೋದ ಸ್ಟೀರಿಂಗಿಗೆ ಒಂದು ಸ್ವಭಾವವಿದೆ. ವೇಗದಲ್ಲಿ ಹಗುರ. ನಿಧಾನವಾದಷ್ಟೂ ಭಾರ. ನಿಂತರೆ ಬಂಡೆ. ಹೆದರಿ ಬ್ರೇಕು ಒತ್ತುತ್ತಾ ಹೋದವನ ಕೈ ಸೋಲುತ್ತದೆ. ಹೆದರದೆ ವೇಗವಾಗಿ ಹೋದವನು ಕಮರಿಗೆ ಬೀಳುತ್ತಾನೆ. ನಡುವೆ ಬೆರಳಗಲದ ದಾರಿ ಇದೆ. ಇಪ್ಪತ್ತೆರಡು ವರ್ಷ ನಾನು ಅನ್ನ ತಿಂದದ್ದು ಆ ದಾರಿಯಲ್ಲಿ. ತಿರುವಿಗೆ ಮೊದಲೇ ಬ್ರೇಕು, ತಿರುವಿಗೆ ಮೊದಲೇ ಚಕ್ರ, ಭುಜದಿಂದ ಎಳೆತ.

ಎಡ... ಎಳೆ! ಬಲ... ಎಳೆ!

ಬೆವರು ಕಣ್ಣಿಗೆ ಇಳಿಯಿತು. ಪ್ರತಿ ಬಲ ತಿರುವಿಗೂ ನನ್ನ ಪಾದದ ಮೇಲೆ ತಣ್ಣನೆಯ ಹನಿ ಬೀಳುತ್ತಿತ್ತು. ಎ.ಸಿ. ನೀರು ಎಂದುಕೊಂಡೆ. ಎ.ಸಿ. ನೀರಿಗೆ ಮಲ್ಲಿಗೆಯ ವಾಸನೆ ಯಾಕೆ ಎಂದು ಯೋಚಿಸಲು ಪುರುಸೊತ್ತು ಇರಲಿಲ್ಲ.

ಧಡ್!

ಪಿಕಪ್ ಹಿಂದಿನಿಂದ ಗುದ್ದಿತು. ಹೊಸ ಬಂಪರ್ ಕಿರುಚಿತು. ಬೋಳ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ನಿಲ್ಸು ಅಕ್ಕಾ! ಮರ್ಯಾದೆಯಾಗಿ ಹೇಳ್ತಿದೀನಿ!"

"ಮರ್ಯಾದೆಯಾಗಿ ಗುದ್ದಿದೆಯಲ್ಲೋ!"

ಇಳಿಜಾರಿನಲ್ಲಿ ಕಾರನ್ನು ಬಿಟ್ಟೆ. ವೇಗ ಏರಿತು, ಚಕ್ರ ಹಗುರವಾಯಿತು, ಎರಡು ತಿರುವು ಬೆಣ್ಣೆಯ ಹಾಗೆ ಹೋದವು. ಪಿಕಪ್ ಹಿಂದೆ ಬಿತ್ತು. ಮೂರನೆಯ ತಿರುವು ಹಾದು ನೋಡಿದರೆ...

ರಸ್ತೆಗೆ ಅಡ್ಡ ಒಂದು ಕೋಸಿನ ಲಾರಿ!

ಬ್ರೇಕು ಒತ್ತಿದೆ. ಟೈರು ಕೂಗಿತು. ಲಾರಿಗೆ ಒಂದು ಗೇಣು ಉಳಿದಾಗ ನಿಂತಿತು.

ಲಾರಿಯ ನೆರಳಿನಲ್ಲಿ ಫೊಂಗ್ ನಿಂತಿದ್ದ. ಮೈಮೇಲೆ ಮದುಮಗನ ಬಿಳಿ ರೇಷ್ಮೆ, ಎದೆಯ ಮೇಲೆ ಚಿನ್ನದ ಗುಂಡಿ, ಕೈಯಲ್ಲಿ ಕಾಫಿ ಲೋಟ. ಅವನ ಕೈ ನೋಡಿದೆ. ಹೂವು ಕಟ್ಟುವ ಹುಡುಗಿಯ ಕೈಯೂ ಅಷ್ಟು ಮೆತ್ತಗಿರುವುದಿಲ್ಲ.

ಅಷ್ಟರಲ್ಲಿ ಪಿಕಪ್ ಹಿಂದೆ ಬಂದು ಅಡ್ಡ ನಿಂತಿತು. ಬೋಳ ಇಳಿದು ಅಂಗಿ ಎತ್ತಿ ಸೊಂಟದ ಪಿಸ್ತೂಲು ತೋರಿಸಿದ.

"ಇಳೀರಿ ಲಮ್ಯೈ ಅಕ್ಕ," ಎಂದ ಫೊಂಗ್. "ಈ ವಯಸ್ಸಲ್ಲಿ ಇಷ್ಟು ಅವಸರ ಯಾಕೆ?"

"ಮದುವೆಗೆ ಹೋಗ್ತಾ ಇದೀನಿ. ನೀನು?"

"ನಾನೂ ಅಲ್ಲಿಗೇ. ಈ ಕಾರಲ್ಲೇ." ನಕ್ಕ. "ಒಂಬತ್ತೂ ಒಂಬತ್ತಕ್ಕೆ ಹಳದಿ ಕಾರು ಬರಬೇಕು ಅಂದಿದಾರೆ ಮಾವ. ಬರತ್ತೆ. ಒಳಗೆ ಯಾರು ಕೂತಿರ್ತಾರೆ ಅನ್ನೋದು ಬೇರೆ ಮಾತು. ಆ ಹುಡುಗ ಗೇಟಲ್ಲಿ ಬಾಯಿ ಬಿಟ್ಕೊಂಡು ನಿಂತಿರ್ತಾನೆ, ನಾನು ಅವನ ಕಾರಲ್ಲೇ ಅವನ ಮುಂದೆ ಒಳಗೆ ಹೋಗ್ತೀನಿ!"

ಎಂಜಿನ್ ಆರಿಸಿ ಇಳಿದೆ. ಕೀಲಿ ಅವನ ಕೈಗೆ ಹಾಕಿದೆ. ಪಿಸ್ತೂಲಿನ ಮುಂದೆ ನಾನು ಹುಚ್ಚಿ ಅಲ್ಲ.

"ಒಂದು ಮಾತು ಸಿಯಾ. ಸ್ಟೀರಿಂಗ್ ಕೆಟ್ಟಿದೆ. ತಿರುಗಲ್ಲ. ಓಡಿಸಬೇಡ."

ನಿಜವನ್ನೇ ಹೇಳಿದ್ದೆ. ದೇವರಾಣೆ!

ಫೊಂಗ್ ಬೋಳನ ಕಡೆ ನೋಡಿದ. ಬೋಳ ಫೊಂಗ್‌ನ ಕಡೆ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೊಚ್ಚ ಹೊಸ ಕಾರು! ಪ್ಲಾಸ್ಟಿಕ್ ತೆಗ್ದಿಲ್ಲ! ಸ್ಟೀರಿಂಗ್ ಕೆಟ್ಟಿದೆಯಂತೆ!"

ಫೊಂಗ್ ಒಳಗೆ ಕೂತು ಎಂಜಿನ್ ಹಚ್ಚಿದ. ಒಂದು ಬೆರಳು ಚಕ್ರಕ್ಕೆ ಇಟ್ಟ. ಎಡಕ್ಕೆ ತಿರುಗಿಸಿದ. ಬಲಕ್ಕೆ ತಿರುಗಿಸಿದ.

ಬುಗುರಿಯ ಹಾಗೆ ತಿರುಗಿತು!

ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಎಲೆಕ್ಟ್ರಿಕ್ ಸಾಮಾನು ಎಲ್ಲ ಒಂದೇ ಜಾತಿ. ಆರಿಸಿ ಹಚ್ಚಿದರೆ ಸ್ವಲ್ಪ ಹೊತ್ತು ಮರ್ಯಾದೆಯಿಂದ ಇರುತ್ತದೆ. ಸ್ವಲ್ಪ ಹೊತ್ತು.

"ಸುಳ್ಳು ಹೇಳೋದನ್ನಾದ್ರೂ ಕಲೀರಿ ಅಕ್ಕ," ಎಂದ ಫೊಂಗ್. ಒಂದು ಕೈಯಲ್ಲಿ ಮೊಬೈಲು ಹಿಡಿದು ತನ್ನದೇ ವಿಡಿಯೊ ಮಾಡಿಕೊಳ್ಳುತ್ತಾ, ಇನ್ನೊಂದು ಕೈಯ ಒಂದು ಬೆರಳಲ್ಲಿ ಕಾರು ತಿರುಗಿಸಿ, ಲಾರಿ ಹಿಂದೆ ಸರಿದ ಕೂಡಲೇ ಹೊರಟ. ಪಿಕಪ್ಪೂ ಹೊರಟಿತು.

ಗಂಟೆ ಎಂಟೂ ಇಪ್ಪತ್ತು.

ಉಳಿದವರು ನಾನು, ಲಾರಿ, ಲಾರಿಯ ಡ್ರೈವರ್ ಮೂನ್. ಹಳೆಯ ಪರಿಚಯ. ಮೊದಲು ನನ್ನ ಗಾಡಿಯಲ್ಲಿ ಟಿಕೆಟ್ ಹರಿಯುತ್ತಿದ್ದವನು.

"ಅಕ್ಕ... ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಒಂದು ಗಂಟೆ ಇಲ್ಲೇ ಹಿಡ್ಕೋಬೇಕಂತೆ ನಾನು."

"ಹಿಡಿ ನೋಡೋಣ."

ಅವನು ನನ್ನ ತೋಳು ನೋಡಿದ. ಬೆವರು ಇನ್ನೂ ಇಳಿಯುತ್ತಿತ್ತು.

"ಕೀಲಿ ಗಾಡೀಲೇ ಇದೆ ಅಕ್ಕ."

"ಒಳ್ಳೆ ಹುಡುಗ. ಹಗ್ಗ ಇದೆಯಾ?"

"ಇದೆ. ಯಾಕೆ?"

"ಬೇಕಾಗತ್ತೆ."

ಕೋಸಿನ ಲಾರಿಯ ಸ್ಟೀರಿಂಗ್ ಹಿಡಿದಾಗ ಜೀವ ತಣ್ಣಗಾಯಿತು. ಹಳೆಯ, ದೊಡ್ಡ, ಮೊಂಡು ಚಕ್ರ. ಅದು ಯಾವತ್ತೂ ಹಗುರವಾಗಿ ನಾಟಕ ಆಡಿದ್ದಿಲ್ಲ. ಮೂನ್ ಪಕ್ಕದಲ್ಲಿ ಕೂತು ಬಾಗಿಲು ಹಿಡಿದುಕೊಂಡ. ಹಿಂದೆ ಕೋಸು ಒಂದೊಂದಾಗಿ ರಸ್ತೆಗೆ ಉದುರುತ್ತಿದ್ದವು.

"ಅಕ್ಕ, ಕೋಸು!"

"ಲೆಕ್ಕ ಫೊಂಗ್ ಹತ್ರ ಕೇಳು!"

ಒಂದು ತಿರುವು... ಎರಡು... ಆರು...

ಏಳನೆಯದು ಕತ್ತರಿ ತಿರುವು. ಗಾಡಿ ನಡೆಯುವವನಷ್ಟು ನಿಧಾನವಾಗಬೇಕು, ಚಕ್ರ ಪೂರ್ತಿ ತಿರುಗಬೇಕು. ಪವರ್ ಇಲ್ಲದ ಸ್ಟೀರಿಂಗಿಗೆ ಅದಕ್ಕಿಂತ ಕೆಟ್ಟ ಜಾಗ ಇಡೀ ಘಟ್ಟದಲ್ಲಿಲ್ಲ.

ರಸ್ತೆ ಎಡಕ್ಕೆ ಹೋಗಿತ್ತು. ಟೈರಿನ ಗುರುತು ನೆಟ್ಟಗೆ ಹೋಗಿತ್ತು!

ಗುರುತಿನ ತುದಿಯಲ್ಲಿ ಎಮ್ಮೆಗಳು ಹೊರಳುವ ಕೆಸರು ಹೊಂಡ. ಹೊಂಡದಲ್ಲಿ ಕಾರಿನ ಮೂತಿ. ಬಾನೆಟ್ಟಿನ ಮುಂದೆ ತೊಡೆಯವರೆಗೆ ಕೆಸರಲ್ಲಿ ಸಿಯಾ ಫೊಂಗ್. ಬಿಳಿ ರೇಷ್ಮೆ ಈಗ ಎಮ್ಮೆಯ ಬಣ್ಣ. ಒಂದು ನಿಜವಾದ ಎಮ್ಮೆ ಹತ್ತಿರ ಬಂದು ಅವನನ್ನು ಸಂಬಂಧಿಕನ ಹಾಗೆ ನೋಡುತ್ತಿತ್ತು.

ಎಂಜಿನ್ ಇನ್ನೂ ಓಡುತ್ತಿತ್ತು. ಬೋಳ ಒಳಗೆ ಕೂತು ಸ್ಟೀರಿಂಗಿನ ಜೊತೆ ಕುಸ್ತಿ ಮಾಡುತ್ತಿದ್ದ.

"ಸಿಯಾ, ತಿರುಗ್ತಾನೇ ಇಲ್ಲ!"

"ತಿರುಗ್ಸೋ ಕತ್ತೆ!"

"ಕತ್ತೆಯಾದ್ರೂ ತಿರುಗತ್ತೆ, ಇದು ತಿರುಗ್ತಿಲ್ಲ!"

ನಾನು ಲಾರಿಯಿಂದ ಇಳಿದೆ. ಹಗ್ಗ ಹೆಗಲ ಮೇಲೆ ಹಾಕಿಕೊಂಡು ನಡೆದೆ. ಫೊಂಗ್ ನನ್ನನ್ನು ನೋಡಿ ಕಿರುಚಿದ.

"ಅವಳನ್ನ ಹಿಡೀರೋ! ಇವಳೇ ಏನೋ ಮಾಡಿದಾಳೆ!"

ಬೋಳ ಇಳಿದ. ಪಿಸ್ತೂಲು ತೆಗೆದ. ತೆಳ್ಳನೆಯವನು ಕಲ್ಲು ಎತ್ತಿಕೊಂಡ. ಮೂನ್ ಲಾರಿಯ ಹಿಂದೆ ಕೂತ.

ಕೈಯಲ್ಲಿ ಇದ್ದದ್ದು ಹಗ್ಗ ಮಾತ್ರ. ಕಣ್ಣಿಗೆ ಬಿದ್ದದ್ದು ಬೋಳನ ಕುತ್ತಿಗೆಯ ತಾಯಿತಗಳು. ಹನ್ನೊಂದೋ ಹನ್ನೆರಡೋ.

ಅಲ್ಲೇ ನಿಂತೆ. ಕಾರಿಗೆ ಕೈಮುಗಿದೆ. ಹಣೆ ಮುಟ್ಟುವ ಹಾಗೆ, ನಿಧಾನವಾಗಿ.

"ಏನ್ ಮಾಡ್ತಿದೀಯ?" ಎಂದ ಬೋಳ.

"ಕ್ಷಮೆ ಕೇಳ್ತಾ ಇದೀನಿ. ನಿನ್ನ ಪರವಾಗಿ."

"ಯಾ... ಯಾಕೆ?"

"ಒಳಗೆ ಕೂತಿದ್ದೆಯಲ್ಲ, ಮೇಲೆ ಚಾವಣಿ ನೋಡ್ಲಿಲ್ವಾ? ಗಂಧದ ಚುಕ್ಕಿ? ಒಂಬತ್ತು ಗುಡಿ ಕಣೋ! ಒಂಬತ್ತು ಗುಡಿಯ ಭಿಕ್ಷುಗಳು ಕೂತು ಮಂತ್ರ ಹಾಕಿರೋ ಕಾರು! ಕದ್ದೋರ ಕೈಗೆ ತಿರುಗತ್ತಾ ಅದು?"

ಪಿಸ್ತೂಲು ಒಂದು ಗೇಣು ಕೆಳಗೆ ಇಳಿಯಿತು.

"ಸಿಯಾ ಕೈಲಿ ಮೊದಲು ಚೆನ್ನಾಗೇ ತಿರುಗ್ತಿತ್ತು..."

"ಹೂಂ. ಬಿಟ್ಟು ನೋಡ್ತು. ವಾಪಸ್ ಕೊಡ್ತಾನೇನೋ ಅಂತ ಏಳು ತಿರುವು ಕಾಯ್ತು. ಆಮೇಲೆ ಎಸೀತು. ಎಲ್ಲಿಗೆ ಎಸೀತು ನೋಡು!"

ಆಳುಗಳಿಬ್ಬರೂ ಹೊಂಡ ನೋಡಿದರು. ಎಮ್ಮೆ ಫೊಂಗ್‌ನ ಕಿವಿ ಮೂಸಿತು.

"ಮೂಢರೇ! ಅವಳ ಮಾತು ನಂಬ್ತೀರಾ!" ಫೊಂಗ್ ಕೂಗಿದ.

"ನೀನು ಕೂತ್ಕೊಂಡು ತಿರುಗ್ಸು ಸಿಯಾ," ಎಂದೆ. "ತಿರುಗಿದ್ರೆ ನಾನೇ ನಿನ್ನ ಮದುವೆ ಡೋಲು ಬಾರಿಸ್ತೀನಿ."

ಅವನು ಕೆಸರು ಸೀಳಿಕೊಂಡು ಬಂದು ಕೂತ. ಮೆತ್ತನೆಯ ಎರಡು ಕೈಯಿಂದ ಎಳೆದ. ಮುಖ ಕೆಂಪಾಯಿತು. ಚಿನ್ನದ ಗುಂಡಿಯೊಂದು ಕಿತ್ತು ಹಾರಿತು. ಚಕ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಬೋಳ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿದ. ತಾಯಿತಗಳನ್ನು ಹಣೆಗೆ ಒತ್ತಿಕೊಂಡ.

"ಅಕ್ಕ... ಈಗ ಏನ್ ಮಾಡ್ಬೇಕು?"

"ಅದು ಹೋಗ್ಬೇಕಾದ ಕಡೆ ಕಳಿಸ್ಬೇಕು. ಸಿಯಾನ ಇಳಿಸು. ಹಗ್ಗ ಹಿಂದೆ ಕಟ್ಟು. ನೀವಿಬ್ರೂ ಮುಂದಿಂದ ನೂಕಿ. ಗೌರವದಿಂದ ನೂಕಬೇಕು!"

ಸಾಹೇಬರೇ, ಕಾರಿಗೆ ಕೈಮುಗಿದು, ಕ್ಷಮಿಸಪ್ಪಾ ಕ್ಷಮಿಸಪ್ಪಾ ಎನ್ನುತ್ತಾ ಇಬ್ಬರು ರೌಡಿಗಳು ಕೆಸರಲ್ಲಿ ನೂಕುವುದನ್ನು ನೀವು ನೋಡಬೇಕಾಗಿತ್ತು. ಮೂನ್ ಲಾರಿಯಿಂದ ಎಳೆದ. ನಾನು ಸ್ಟೀರಿಂಗ್ ಹಿಡಿದೆ. ನಿಂತ ಚಕ್ರ ಬಂಡೆ, ಉರುಳುವ ಚಕ್ರ ಸ್ವಲ್ಪ ಕಡಿಮೆ ಬಂಡೆ. ಕಾರು ಅಲುಗಿದ ಕ್ಷಣವೇ ಇಡೀ ಮೈ ಹಾಕಿ ಎಳೆದೆ.

ತಿರುಗಿತು!

"ನೋಡ್ದಾ!" ಎಂದ ಬೋಳ, ತೆಳ್ಳನೆಯವನಿಗೆ. ಅವನ ಕಣ್ಣಲ್ಲಿ ನೀರು.

ನನ್ನ ಬಲಭುಜದಲ್ಲಿ ಏನೋ ಕಿತ್ತಂತಾಯಿತು. ಮುಖದಲ್ಲಿ ಮಾತ್ರ ಭಕ್ತಿ ಇಟ್ಟುಕೊಂಡೆ.

ಗಂಟೆ ಎಂಟೂ ನಲವತ್ತೆಂಟು. ಆರಿಸಿ ಹಚ್ಚಿ ನೋಡಿದೆ. ಈ ಸಲ ಹಳದಿ ದೀಪ ಹೋಗಲಿಲ್ಲ. ಇನ್ನು ಉಳಿದದ್ದು ಹತ್ತು ಕಿಲೋಮೀಟರ್ ಘಟ್ಟ ಮತ್ತು ಎರಡು ತೋಳು. ಅದರಲ್ಲಿ ಒಂದು ಅರ್ಧ.

ಹೇಗೆ ಓಡಿಸಿದೆ ಎಂದು ಕೇಳಬೇಡಿ. ನೆನಪಿಲ್ಲ. ನೆನಪಿರುವುದು ಒಂದೇ: ಪಾಂಗ್ ತೋಂಗ್ ಹಳ್ಳಿಯ ಓಣಿ ಕಂಡಾಗ ಗಂಟೆ ಒಂಬತ್ತೂ ಏಳು.

ಓಣಿಯ ತುಂಬ ಮೆರವಣಿಗೆ. ಉದ್ದ ಡೋಲು, ಬಾಳೆ ಗಿಡ, ಕುಣಿಯುವ ಚಿಕ್ಕಮ್ಮಂದಿರು. ನಾನು ಹಾರ್ನ್ ಮೇಲೆ ಮೊಣಕೈ ಇಟ್ಟೆ. ಜನ ಎರಡು ಸಾಲಾಗಿ ಸರಿದರು. ಓಣಿಯ ಕೊನೆಯಲ್ಲಿ ಕಮ್ನಾನ್ ಮನೆಯ ಗೇಟು. ಗೇಟು ಎಡಗಡೆಗೆ. ಪೂರ್ತಿ ಮೂಲೆ ತಿರುವು! ಕಾರಿಗಿಂತ ಎರಡು ಗೇಣು ಅಗಲ.

ಗೇಟಿಗೆ ಅಡ್ಡ ಹುಡುಗಿಯ ಕಡೆಯ ಇಬ್ಬರು ತಂಗಿಯರು ಚಿನ್ನದ ಸರ ಹಿಡಿದು ನಿಂತಿದ್ದರು. ಗಂಡಿನ ಕಡೆಯವರು ಉಡುಗೊರೆ ಕೊಡುವವರೆಗೆ ಸರ ಇಳಿಸುವಂತಿಲ್ಲ. ಪದ್ಧತಿ.

"ಉಡುಗೊರೆ ಕೊಡಿ ಚಿಕ್ಕಮ್ಮ! ಆಮೇಲೆ ಒಳಗೆ!"

"ಬಿಡ್ರೇ! ನಿಂತ್ರೆ ಮತ್ತೆ ತಿರುಗಲ್ಲ ಇದು!"

"ಪದ್ಧತಿ...!"

"ನಿಮ್ಮ ಪದ್ಧತಿಗೆ..."

ಮುಂದಿನ ಮಾತನ್ನೂ ಬರೆಯಬೇಡಿ.

ಜಗುಲಿಯಿಂದ ಒಬ್ಬಳು ಹಾರಿದಳು. ಮದುವಣಗಿತ್ತಿಯ ರೇಷ್ಮೆ, ತಲೆ ತುಂಬ ಹೂವು. ಸಾಯ್‌ಮೈ! ಓಡಿ ಬಂದವಳೇ ತಂಗಿಯರ ಕೈಯಿಂದ ಸರ ಕಿತ್ತು ತನ್ನ ಕೊರಳಿಗೇ ಹಾಕಿಕೊಂಡಳು.

"ಬನ್ನಿ ಚಿಕ್ಕಮ್ಮ!"

ಎಳೆದೆ. ಬಲಭುಜ ಕೈಕೊಟ್ಟಿತು. ಚಕ್ರ ಅರ್ಧ ತಿರುಗಿ ನಿಂತುಹೋಯಿತು. ಕಾರಿನ ಮೂತಿ ಗೇಟಿನ ಕಂಬದ ಕಡೆಗೆ ತೆವಳುತ್ತಿತ್ತು.

"ಫಿಲ್ಮ್! ಎಲ್ಲಿ ಸತ್ತೆಯೋ! ಬಾರೋ ಇಲ್ಲಿ!"

ಮದುಮಗ ಬಂದ. ಕೈಯಲ್ಲಿ ಹೂವಿನ ತಟ್ಟೆ.

"ತಟ್ಟೆ ಬಿಸಾಕು! ಕಿಟಕಿಯಿಂದ ಕೈ ಹಾಕು! ಎಳಿ!"

"ಎಲ್ಲಿಗೆ ಚಿಕ್ಕಮ್ಮ?"

"ನಿನ್ನ ಹೆಂಡತಿ ಎಲ್ಲಿದಾಳೋ ಅಲ್ಲಿಗೆ!"

ಹುಡುಗ ತಟ್ಟೆ ಎಸೆದ. ಸೊಂಟದವರೆಗೆ ಕಿಟಕಿಯೊಳಗೆ ನುಗ್ಗಿ, ಚಕ್ರಕ್ಕೆ ಜೋತುಬಿದ್ದು ಎಳೆದ. ಹೊಸ ಅಂಗಿ ಬೆನ್ನಲ್ಲಿ ಚರ್ರೆಂದು ಹರಿಯಿತು. ಅವನು ಬಿಡಲಿಲ್ಲ. ನಾನು ಎಡಗೈಯಿಂದ, ಅವನು ಎರಡೂ ಕೈಯಿಂದ...

ಕಂಬ ಕೂದಲೆಳೆಯಲ್ಲಿ ಪಕ್ಕಕ್ಕೆ ಸರಿಯಿತು. ಕಾರು ಅಂಗಳಕ್ಕೆ ಉರುಳಿತು. ನಿಂತಿತು.

ಒಳಗೆ ಯಾರೋ ಜಾಗಟೆ ಬಾರಿಸಿದರು. ಒಂಬತ್ತೂ ಒಂಬತ್ತು!

ಕಮ್ನಾನ್ ಜಗುಲಿ ಇಳಿದು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ಒಡೆದ ಕನ್ನಡಿ ನೋಡಿದ. ಕೆಸರು ನೋಡಿದ. ಕಿಟಕಿಯಲ್ಲಿ ಇನ್ನೂ ಜೋತುಬಿದ್ದು ಏದುಸಿರು ಬಿಡುತ್ತಿದ್ದ ಅಳಿಯನನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನಾನು ಹಳದಿ ಅಂದಿದ್ದೆ."

ನಾನು ಇಳಿದು ಹಿಂದೆ ಹೋಗಿ ಅಂಗೈಯಿಂದ ಕೆಸರು ಒರೆಸಿದೆ. ಚೀಟಿ ಕಂಡಿತು. ಕಮ್ನಾನ್ ಕನ್ನಡಕ ಹಾಕಿಕೊಂಡು ಓದಿದ. ಎರಡು ಸಲ ಓದಿದ.

"ಸರಿ," ಎಂದ. "ಹಳದಿ."

ಇಷ್ಟೇ ಸಾಹೇಬರೇ. ಮಿಕ್ಕದ್ದು ನಿಮಗೇ ಗೊತ್ತು. ನಿನ್ನೆ ನೀವೇ ಸ್ಟೀರಿಂಗಿನ ಕೆಳಗಿನ ಪೆಟ್ಟಿಗೆ ಬಿಚ್ಚಿದಿರಿ. ಒಳಗೆ ಏನು ಸಿಕ್ಕಿತು? ತಂತಿಗಳ ನಡುವೆ ನೀರು. ನೀರಲ್ಲಿ ಮಲ್ಲಿಗೆಯ ಎಸಳು. ನೀವು ನನ್ನ ಮುಖ ನೋಡಿದಿರಿ. ನಾನು ಬುಪ್ಫಾಳ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

"ಭಿಕ್ಷುಗಳು ಬರೀ ಚಿಮುಕಿಸಿದ್ರು ಕಣೇ," ಎಂದಳು ಕೊನೆಗೆ. "ಅಷ್ಟು ದೊಡ್ಡ ಎಂಜಿನ್ನಿಗೆ ನಾಲ್ಕು ಹನಿ ಸಾಕಾ? ಕಾರಿನ ಮಿದುಳು ಎಲ್ಲಿದೆ ಅಂತ ಶೋರೂಮಿನವನನ್ನ ಕೇಳಿದ್ದೆ. ಸ್ಟೀರಿಂಗ್ ಕೆಳಗೆ ಅಂದ. ಬಟ್ಟಲಲ್ಲಿ ಉಳಿದ ತೀರ್ಥ ಎಲ್ಲಾ ಅಲ್ಲಿಗೆ ಹುಯ್ದೆ."

"ಎಷ್ಟು ಬಟ್ಟಲು?"

"ಒಂಬತ್ತು."

ಫೊಂಗ್ ಕಾರನ್ನು ಮುಟ್ಟಿಯೇ ಇರಲಿಲ್ಲ. ಹೊಂಡದ ಹತ್ತಿರ ನಾನು ಬೋಳನಿಗೆ ಹೇಳಿದ ಸುಳ್ಳು ಅಕ್ಷರ ಅಕ್ಷರ ನಿಜವಾಗಿತ್ತು! ಬೋಳ ಈಗ ಫೊಂಗ್‌ನ ಕೆಲಸ ಬಿಟ್ಟು ಭಿಕ್ಷುವಾಗಿದ್ದಾನೆ. ತಲೆ ಬೋಳಿಸುವ ಕೆಲಸವೂ ಇರಲಿಲ್ಲ. ಗುಡಿಯಲ್ಲಿ ಹೊಸ ಗಾಡಿಗಳಿಗೆ ತೀರ್ಥ ಹಾಕುವಾಗ ಬಟ್ಟಲು ಹಿಡಿದು ನಿಲ್ಲುತ್ತಾನಂತೆ. ಕೈ ಧಾರಾಳವಂತೆ. ನಿಮಗೆ ಇನ್ನೂ ತುಂಬ ಕೆಲಸವಿದೆ.

ಪೆನ್ನು ಯಾಕೆ ನಿಲ್ಲಿಸಿದಿರಿ? ಫಾರಮಿನ ಕೊನೆಗೆ 'ದೋಷಕ್ಕೆ ಕಾರಣ' ಎಂದು ಒಂದು ಖಾಲಿ ಗೆರೆ ಇದೆಯಲ್ಲ... ಬರೆಯಿರಿ, ನಾನು ಸಹಿ ಹಾಕುತ್ತೇನೆ, ಎಡಗೈಯಲ್ಲಿ:

ಆಶೀರ್ವಾದ ಜಾಸ್ತಿಯಾಯಿತು!